ಪದ್ಮಿನಿಯೋ ಅಂಬಾಸಿಡರೋ? ಮುಂಬೈ, ಪುಣೆ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಕಾರು ಇಟ್ಟುಕೊಂಡಿರುವ ವಿಷಯ ಗೊತ್ತಾದ ಕೂಡಲೇ ಮಾಟುಂಗಾದವರೂ ಡೊಂಬಿವಿಲಿಯವರೂ ಪುಣೆಯವರೂ ಕೇಳುವುದು ಇದನ್ನೇ. ಎರಡರಲ್ಲಿ ಯಾವುದು ಗಟ್ಟಿ, ಯಾವುದಕ್ಕೆ ಪಿಕಪ್ ಜಾಸ್ತಿ, ಊರಿಗೆ ಹೋಗಿಬರಲು ಯಾವುದು ಸರಿ? ಒಬ್ಬೊಬ್ಬರಿಗೂ ಮತ್ತೆ ಮತ್ತೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೊದಲು ಒಂದೇ ಮಾತಲ್ಲಿ ಹೇಳಿ, ಯಾವುದು ಚೆನ್ನಾಗಿ ಓಡುತ್ತದೆ?

ಒಬ್ಬರೇ ಕೂತರೆ ಪದ್ಮಿನಿ. ಐದು ಜನ ಕೂತು ಡಿಕ್ಕಿ ತುಂಬಿಸಿದರೆ ಅಂಬಾಸಿಡರ್. ಲೆಕ್ಕ ಕೆಳಗಿದೆ.

ಯಾವ ಮಾದರಿಗಳನ್ನು ಹೋಲಿಸುತ್ತಿದ್ದೀರಿ?

ಇದನ್ನು ಮೊದಲೇ ಹೇಳಿಬಿಡಬೇಕು. ಎರಡೂ ಕಾರುಗಳು ದಶಕಗಟ್ಟಲೆ ಬಂದಿವೆ, ಒಳಗಿನ ಸಾಮಾನು ಮಧ್ಯೆ ಮಧ್ಯೆ ಬದಲಾಗಿದೆ. 'ನಮ್ಮ ಮಾವನ ಅಂಬಾಸಿಡರ್ 140ರಲ್ಲಿ ಹೋಗುತ್ತಿತ್ತು' ಅಂತ ಯಾರಾದರೂ ಹೇಳಿದರೆ ಅದು ಆಮೇಲೆ ಬಂದ, ಜಪಾನಿನ ಇಸುಜು ಕಂಪನಿಯ ಎಂಜಿನ್ನಿನದ್ದು ಇರಬಹುದು. ಅದನ್ನು ಪದ್ಮಿನಿ ಪಕ್ಕ ಇಟ್ಟು ನೋಡುವುದು ನ್ಯಾಯ ಅಲ್ಲ.

ಇಲ್ಲಿ ತೆಗೆದುಕೊಂಡಿರುವುದು 1980ರ ದಶಕದ ಸಾಮಾನ್ಯ ಪೆಟ್ರೋಲ್ ಗಾಡಿಗಳನ್ನು. ಒಂದು ಕಡೆ 1089 ಸಿಸಿಯ ಪ್ರೀಮಿಯರ್ ಪದ್ಮಿನಿ, ಇನ್ನೊಂದು ಕಡೆ 1489 ಸಿಸಿಯ ಅಂಬಾಸಿಡರ್ ಮಾರ್ಕ್ 4. ನಿಮಗೆ ಇವತ್ತು ಓಡುವ ಸ್ಥಿತಿಯಲ್ಲಿ ಸಿಗುವವುಗಳಲ್ಲಿ ಹೆಚ್ಚಿನವು ಇವೇ.

ಅಂಬಾಸಿಡರ್ ಎಂಜಿನ್ 400 ಸಿಸಿ ದೊಡ್ಡದು. ಹಾಗಾದರೆ ಅದೇ ಜೋರು ಅಲ್ವಾ?

ಕಾಗದದ ಮೇಲೆ ಜೋರು. ರಸ್ತೆಯ ಮೇಲೆ ಅಷ್ಟು ಸುಲಭವಾಗಿ ಹೇಳಲು ಆಗುವುದಿಲ್ಲ.

ಪದ್ಮಿನಿಯದ್ದು 68 ಮಿಮೀ ಬೋರ್ (ಸಿಲಿಂಡರಿನ ಅಗಲ), 75 ಮಿಮೀ ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ). ಶಕ್ತಿ ಸುಮಾರು 40 ಬಿಎಚ್‌ಪಿ, ಅದೂ 4800 ಆರ್‌ಪಿಎಂ ಹತ್ತಿರ ಹೋದಾಗ. ಅಂಬಾಸಿಡರ್‌ನಲ್ಲಿ ಸ್ಟ್ರೋಕ್ ಸುಮಾರು 89 ಮಿಮೀ, ಬೋರ್ 73. ಅದು ಸುಮಾರು 50 ಬಿಎಚ್‌ಪಿಯನ್ನು 4200ರ ಆಸುಪಾಸಿನಲ್ಲೇ ಕೊಡುತ್ತದೆ. ಈಗ ತೂಕ ನೋಡಿ. ಪದ್ಮಿನಿ ಸುಮಾರು 895 ಕೆಜಿ. ಅಂಬಾಸಿಡರ್ ಮಾದರಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ, ಲೆಕ್ಕಕ್ಕೆ 1,150 ಕೆಜಿ ಅಂತ ಇಟ್ಟುಕೊಳ್ಳೋಣ.

ಖಾಲಿ ಗಾಡಿಗೆ ಟನ್ನಿಗೆ ಎಷ್ಟು ಬಿಎಚ್‌ಪಿ ಬೀಳುತ್ತದೆ ಅಂತ ಭಾಗಿಸಿ. ಪದ್ಮಿನಿಗೆ ಸುಮಾರು 44.7, ಅಂಬಾಸಿಡರ್‌ಗೆ 43.5. ಅಂದರೆ ಎರಡೂ ಒಂದೇ! ದೊಡ್ಡ ಎಂಜಿನ್ ಕೊಡುವ ಲಾಭವನ್ನೆಲ್ಲ ಆ ದೊಡ್ಡ ಮೈಯೇ ತಿಂದುಹಾಕುತ್ತದೆ.

ಈಗ ಐದು ಜನ, ಮೇಲೆ ಸಾಮಾನು ಸೇರಿಸಿ 400 ಕೆಜಿ ಹೇರಿ. ಪದ್ಮಿನಿ 30.9ಕ್ಕೆ ಇಳಿಯುತ್ತದೆ. ಅಂಬಾಸಿಡರ್ 32.3ರಲ್ಲಿ ನಿಲ್ಲುತ್ತದೆ. ಹಗುರ ಗಾಡಿಗೆ ಅದೇ 400 ಕೆಜಿ ಹೆಚ್ಚು ಭಾರವಾಗಿ ಕಾಣುತ್ತದೆ, ಅದಕ್ಕೇ ಈ ತಿರುವು. ಇದರ ಜೊತೆಗೆ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ ಇದೆ. ಪದ್ಮಿನಿಯದ್ದು ಸುಮಾರು 71 ನ್ಯೂಟನ್ ಮೀಟರ್, ಅಂಬಾಸಿಡರ್‌ನದ್ದು 100ರ ಆಸುಪಾಸು, ಅದೂ ಇನ್ನೂ ಕಡಿಮೆ ಆರ್‌ಪಿಎಂನಲ್ಲಿ ಸಿಗುತ್ತದೆ. ಭಾರ ಎಳೆಯುವಾಗ ಕಾಲಿಗೆ ಗೊತ್ತಾಗುವುದು ಇದೇ.

ಆದ್ದರಿಂದ ಯಾರಾದರೂ ಬರೀ ಸಿಸಿ ಹೇಳಿ ವಾದ ಮಾಡಿದರೆ ಒಪ್ಪಬೇಡಿ. ಗಾಡಿಯಲ್ಲಿ ಎಷ್ಟು ಜನ ಇದ್ದರು ಅಂತ ಕೇಳಿ.

ಟಾಪ್ ಸ್ಪೀಡ್ ಎಷ್ಟು?

ಒಳ್ಳೆ ಸ್ಥಿತಿಯಲ್ಲಿದ್ದರೆ ಎರಡೂ 120ರ ಹತ್ತಿರ ಹೋಗಬಲ್ಲವು, ಪದ್ಮಿನಿ ಸ್ವಲ್ಪ ಮುಂದೆ. ಆದರೆ ದಯವಿಟ್ಟು ಹೋಗಬೇಡಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ, ಮೂವತ್ತು ನಲವತ್ತು ವರ್ಷದ ಗಾಡಿ ಇದು. ಎಂಜಿನ್ ಸುಸ್ತಾಗದೆ ಗಂಟೆಗಟ್ಟಲೆ ಓಡುವ ವೇಗ 70ರಿಂದ 80. ಆ ವೇಗದಲ್ಲಿ ಎರಡೂ ಎಷ್ಟು ಸುಖವಾಗಿ ಹೋಗುತ್ತವೆ ಅಂದರೆ ಗಡಿಬಿಡಿ ಮಾಡಲು ಮನಸ್ಸೇ ಬರುವುದಿಲ್ಲ.

ಬೋರ್ ಘಾಟಿ, ಖಂಬಾಟ್ಕಿ, ಅಂಬೋಲಿ. ಏರಿನಲ್ಲಿ ಯಾವುದು ಮೇಲು?

ಇಲ್ಲಿ ನಾನು ಹಿಂದೆ ಮುಂದೆ ನೋಡದೆ ಅಂಬಾಸಿಡರ್ ಅನ್ನುತ್ತೇನೆ, ಗಾಡಿ ತುಂಬಿದ್ದರೆ. ಖಂಡಾಲದ ಹಳೆ ರಸ್ತೆಯ ಏರಿನಲ್ಲಿ ಅದು ಮೂರನೇ ಗೇರಿನಲ್ಲೇ ಇನ್ನಷ್ಟು ದೂರ ಎಳೆಯುವಾಗ ಪದ್ಮಿನಿ ಎರಡನೇ ಗೇರ್ ಕೇಳಿಯಾಗಿರುತ್ತದೆ. ಎರಡನೇ ಗೇರಿಗೆ ಬಿದ್ದ ಪದ್ಮಿನಿ ಚೆನ್ನಾಗಿಯೇ ಏರುತ್ತದೆ, ಸದ್ದು ಮಾತ್ರ ಜಾಸ್ತಿ. ಈ ಎಂಜಿನ್ ಆರ್‌ಪಿಎಂಗೆ ಹೆದರುವುದಿಲ್ಲ. ಅದನ್ನು ಕಡಿಮೆ ಆರ್‌ಪಿಎಂನಲ್ಲಿ, ಮೇಲಿನ ಗೇರಿನಲ್ಲಿ ಒದ್ದಾಡಿಸಿದರೇ ಕೆಡುತ್ತದೆ.

ಎರಡರಲ್ಲೂ ಗಮನಿಸಬೇಕಾದ ಒಂದು ವಿಷಯ ಇದೆ. ಮೊದಲನೇ ಗೇರಿಗೆ ಸಿಂಕ್ರೊಮೆಶ್ (ಓಡುತ್ತಿರುವಾಗ ಗೇರ್ ಹಲ್ಲುಗಳ ವೇಗ ಹೊಂದಿಸುವ ಭಾಗ) ಇಲ್ಲ, ಎರಡು, ಮೂರು, ನಾಲ್ಕಕ್ಕೆ ಮಾತ್ರ ಇದೆ. ಅಂಬೋಲಿಯ ತಿರುವಿನಲ್ಲಿ ಎದುರಿಗೆ ಲಾರಿ ಬಂತು, ಗಾಡಿ ಇನ್ನೂ ಚಲಿಸುತ್ತಿರುವಾಗಲೇ ಮೊದಲನೇ ಗೇರಿಗೆ ತಳ್ಳಿದಿರಿ ಅಂದರೆ ಹಲ್ಲು ಕಟಕಟ ಅನ್ನುತ್ತದೆ. ಪೂರ್ತಿ ನಿಲ್ಲಿಸಿ ಹಾಕಿ. ಇಲ್ಲವೇ ಡಬಲ್ ಕ್ಲಚ್ ಕಲಿಯಿರಿ: ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು ಸ್ವಲ್ಪ ಆಕ್ಸಿಲರೇಟರ್, ಮತ್ತೆ ಒತ್ತಿ ಗೇರ್. ಒಂದು ವಾರದಲ್ಲಿ ಕೈಗೆ ಬರುತ್ತದೆ.

ಇಳಿಯುವಾಗ ಯಾವ ಗೇರಿನಲ್ಲಿ ಏರುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಡ್ರಮ್ ಕಾದು ಪೆಡಲ್ ಗಟ್ಟಿಯಾಗಿದ್ದರೂ ಗಾಡಿ ನಿಲ್ಲುವುದಿಲ್ಲ.

ಹಾಗಾದರೆ ಮುಂಬೈ ಟ್ಯಾಕ್ಸಿಯವರು ಪದ್ಮಿನಿಯನ್ನೇ ಯಾಕೆ ಆರಿಸಿಕೊಂಡರು?

ಅಳತೆ ನೋಡಿದರೆ ಗೊತ್ತಾಗುತ್ತದೆ. ಪದ್ಮಿನಿ ಉದ್ದ ಸುಮಾರು 3930 ಮಿಮೀ, ಅಗಲ 1460. ಅಂಬಾಸಿಡರ್ ಉದ್ದ ಸುಮಾರು 4325, ಅಗಲ 1662. ಅಂದರೆ ಹತ್ತು ಅಂಬಾಸಿಡರ್ ಸಾಲಾಗಿ ನಿಲ್ಲುವ ಜಾಗದಲ್ಲಿ ಹನ್ನೊಂದು ಪದ್ಮಿನಿ ನಿಲ್ಲುತ್ತವೆ. ಭುಲೇಶ್ವರದ ಗಲ್ಲಿಯಲ್ಲಿ, ದಾದರ್ ಸ್ಟೇಷನ್ ಹೊರಗೆ, 20 ಸೆಂಟಿಮೀಟರ್ ಅಗಲ ಕಡಿಮೆ ಇರುವುದು ಎಷ್ಟು ದೊಡ್ಡ ವಿಷಯ ಅಂತ ಅಲ್ಲಿ ಓಡಿಸಿದವರಿಗೇ ಗೊತ್ತು. ಪೆಟ್ರೋಲೂ ಕಡಿಮೆ ಕುಡಿಯುತ್ತದೆ. ಟ್ಯಾಕ್ಸಿಯಲ್ಲಿ ಹೆಚ್ಚಿನ ಸಲ ಒಬ್ಬರೋ ಇಬ್ಬರೋ ಕೂರುತ್ತಾರೆ, ಮೇಲೆ ಹೇಳಿದ ಲೆಕ್ಕದಲ್ಲಿ ಅಷ್ಟು ಭಾರಕ್ಕೆ ಎರಡೂ ಹೆಚ್ಚುಕಡಿಮೆ ಸಮ.

ಇನ್ನೊಂದು ಕಾರಣ, ಕಾರ್ಖಾನೆ ಇಲ್ಲೇ ಇತ್ತು. ಕುರ್ಲಾದಲ್ಲಿ. ಬಿಡಿಭಾಗ, ಮೆಕ್ಯಾನಿಕ್ ಎಲ್ಲ ಈ ಊರಲ್ಲೇ ಬೆಳೆದರು. ಅಂಬಾಸಿಡರ್ ತಯಾರಾಗುತ್ತಿದ್ದುದು ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ, ಅಲ್ಲಿನ ಟ್ಯಾಕ್ಸಿ ಹಳದಿ ಅಂಬಾಸಿಡರ್ ಆಯಿತು.

ಮುಂಬೈಯ ಕೊನೆಯ ಕಪ್ಪು ಹಳದಿ ಪದ್ಮಿನಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿ ಆಗಿದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆ ಬಿಟ್ಟಿತು. ಆ ದಿನ ಈ ಊರಿನ ತುಂಬ ಜನರಿಗೆ ನಿಜಕ್ಕೂ ಬೇಸರ ಆಗಿತ್ತು. ನನಗೂ.

ಪದ್ಮಿನಿಗೂ ಕರ್ನಾಟಕಕ್ಕೂ ಏನಾದರೂ ನಂಟು ಇದೆಯಾ?

ಇದೆ, ಇದನ್ನು ಹೇಳಲು ನನಗೆ ತುಂಬಾ ಇಷ್ಟ. 1930ರ ದಶಕದಲ್ಲೇ ನಮ್ಮ ದೇಶದಲ್ಲಿ ಕಾರು ತಯಾರಾಗಬೇಕು ಅಂತ ಹಟ ಹಿಡಿದು ಯೋಜನೆ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಅದಕ್ಕಾಗಿ ಯುರೋಪ್, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದರು, ಮುಂಬೈಯಲ್ಲೇ ಕಾರ್ಖಾನೆ ಆಗಬೇಕು ಅಂತ ಯೋಚಿಸಿದ್ದರು. ಆ ಕೆಲಸದಲ್ಲಿ ಅವರ ಜೊತೆ ಓಡಾಡಿದ ಉದ್ಯಮಿ ವಾಲಚಂದ್ ಹೀರಾಚಂದ್. ಆಗಿನ ಸರ್ಕಾರ ಕೈ ಹಿಡಿಯಲಿಲ್ಲ. ವಾಲಚಂದ್ ಬಿಡಲಿಲ್ಲ, 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಶುರು ಮಾಡಿದರು. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ್ದೂ ಅವರೇ, ಅದೇ ಮುಂದೆ ಎಚ್‌ಎಎಲ್ ಆಯಿತು. ಕುರ್ಲಾದ ಕಾರಿಗೂ ಬೆಂಗಳೂರಿನ ವಿಮಾನಕ್ಕೂ ಹಿಂದೆ ನಿಂತವರು ಒಬ್ಬರೇ.

ಫಿಯಟ್, ಡುಕ್ಕರ್, ಪದ್ಮಿನಿ ಎಲ್ಲ ಒಂದೇನಾ?

ಒಂದೇ ಮನೆತನ, ಬೇರೆ ಬೇರೆ ತಲೆಮಾರು. 1950ರ ದಶಕದಲ್ಲಿ ಬಂದ ಗುಂಡಗಿನ ಫಿಯಟ್ 1100 ಗಾಡಿಯನ್ನು ಇಲ್ಲಿನ ಮರಾಠಿ ಜನ ಡುಕ್ಕರ್, ಅಂದರೆ ಹಂದಿ, ಅಂದರು. ಅದರ ಮುಂದಿನ ಬಾಗಿಲಿನ ಕೀಲು ಹಿಂಬದಿಗೆ ಇತ್ತು, ಹಾಗಾಗಿ ಅದು ಮುಂದಿನ ಅಂಚಿನಿಂದ ತೆರೆಯುತ್ತಿತ್ತು. 1964ರಲ್ಲಿ ಫಿಯಟ್ 1100 ಡಿಲೈಟ್ ಬಂತು, ಚೌಕ ಮೈಯದ್ದು. ಅದೇ 70ರ ದಶಕದ ಮೊದಲ ಭಾಗದಲ್ಲಿ ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರ ಹೊತ್ತಿಗೆ ಪದ್ಮಿನಿ ಆಯಿತು.

ಒಂದು ಎಚ್ಚರಿಕೆ. ಇಟಲಿಯ 1100ಡಿ ಕಾರಿನ ವಿವರ ನೋಡಿ 'ಪದ್ಮಿನಿಗೆ 1221 ಸಿಸಿ, 50 ಕುದುರೆ ಶಕ್ತಿ' ಅಂತ ಕೆಲವರು ಬರೆಯುತ್ತಾರೆ. ಅದು ಇಟಲಿಯ ಗಾಡಿಗೆ ಸರಿ. ನಮ್ಮದು ಮೈ ಅದರದ್ದು, ಎಂಜಿನ್ 1089 ಸಿಸಿಯದ್ದು. ಪಿಸ್ಟನ್, ರಿಂಗ್ ತರಿಸುವಾಗ ಇದನ್ನು ಮರೆತರೆ ದುಡ್ಡು ದಂಡ.

ಅಂಬಾಸಿಡರ್‌ದೂ ಇದೇ ರೀತಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸರಣಿ 3ರ ಮೈ. ಮೊದಲು ಬಂದವುಗಳಲ್ಲಿ ಸೈಡ್ ವಾಲ್ವ್ ಎಂಜಿನ್ ಇತ್ತು, ಬೇಗನೆ ಅದನ್ನು ಬಿಟ್ಟು 1489 ಸಿಸಿಯ ಓವರ್‌ಹೆಡ್ ವಾಲ್ವ್ ಎಂಜಿನ್ ಹಾಕಿದರು. 2014ರ ಮೇ ತಿಂಗಳಲ್ಲಿ ಉತ್ಪಾದನೆ ನಿಂತಿತು.

ಸ್ಟೇರಿಂಗ್, ಬ್ರೇಕ್, ಸಸ್ಪೆನ್ಷನ್ ವಿಷಯದಲ್ಲಿ ಏನು ವ್ಯತ್ಯಾಸ?

ಸ್ಟೇರಿಂಗ್ ವಿಷಯದಲ್ಲಿ ಜನ ಅಂದುಕೊಂಡಿದ್ದಕ್ಕೂ ನಿಜಕ್ಕೂ ವ್ಯತ್ಯಾಸ ಇದೆ. ದೊಡ್ಡ ಅಂಬಾಸಿಡರ್‌ನಲ್ಲೇ ರ‍್ಯಾಕ್ ಅಂಡ್ ಪಿನಿಯನ್ ಇದೆ. ಸಣ್ಣ ಪದ್ಮಿನಿಯಲ್ಲಿ ಹಳೆ ಕಾಲದ ವರ್ಮ್ ಗೇರ್ ಪೆಟ್ಟಿಗೆ. ಹೊಸದಿದ್ದಾಗ ಪದ್ಮಿನಿಯದ್ದು ಬೆಣ್ಣೆಯ ಹಾಗೆ ತಿರುಗುತ್ತಿತ್ತು, ಗಾಡಿಯೂ ಹಗುರ. ಆದರೆ ವರ್ಷ ಕಳೆದ ಹಾಗೆ ಪ್ಲೇ ಬರುತ್ತದೆ. ಚಕ್ರ ಅಲ್ಲಾಡುವ ಮುಂಚೆ ಸ್ಟೇರಿಂಗ್ ಎರಡು ಬೆರಳಿಗಿಂತ ಜಾಸ್ತಿ ತಿರುಗಿದರೆ ಪೆಟ್ಟಿಗೆ ಬಿಚ್ಚಿಸಿ ನೋಡಿಸಬೇಕು, ಸುಮ್ನೆ ಬಿಗಿ ಮಾಡಿಸಿ ಬಿಟ್ಟರೆ ಆಗುವುದಿಲ್ಲ.

ಮುಂದಿನ ಸಸ್ಪೆನ್ಷನ್ ಪದ್ಮಿನಿಯಲ್ಲಿ ಕಾಯಿಲ್ ಸ್ಪ್ರಿಂಗ್ ಮತ್ತು ವಿಶ್‌ಬೋನ್. ಅಂಬಾಸಿಡರ್‌ನಲ್ಲಿ ಟಾರ್ಷನ್ ಬಾರ್, ನೆಲದ ಕೆಳಗೆ ಉದ್ದಕ್ಕೆ ಹೋಗುವ ಉಕ್ಕಿನ ಸರಳು ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುತ್ತದೆ. ಹಿಂದೆ ಎರಡಕ್ಕೂ ಲೀಫ್ ಸ್ಪ್ರಿಂಗ್ ಪ್ಲೇಟುಗಳೇ. ಅಂಬಾಸಿಡರ್ ಚಕ್ರ 15 ಇಂಚು, ಪದ್ಮಿನಿಯದ್ದು 14. ಮಳೆಗಾಲದ ಗುಂಡಿಯಲ್ಲಿ ಆ ಒಂದು ಇಂಚೂ ಅಂಬಾಸಿಡರ್‌ನ ಎತ್ತರವೂ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ನುಣುಪು ರಸ್ತೆಯ ತಿರುವಿನಲ್ಲಿ ಮಾತ್ರ ಪದ್ಮಿನಿ ಬಹಳ ಚೂಟಿ, ಅಂಬಾಸಿಡರ್ ಒಂದು ಕಡೆ ವಾಲುತ್ತದೆ.

ಬ್ರೇಕ್ ಎರಡರಲ್ಲೂ ಡ್ರಮ್. ಹಗುರ ಗಾಡಿ ಬೇಗ ನಿಲ್ಲುತ್ತದೆ, ಅಷ್ಟೇ.

ಎರಡಕ್ಕೂ ಗ್ರೀಸ್ ಹೊಡೆಯುವ ಕಡೆಗಳಿವೆ. ಈಗಿನ ಸರ್ವಿಸ್ ಸೆಂಟರ್ ಹುಡುಗರಿಗೆ ಅದು ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಹಳೆ ಮೆಕ್ಯಾನಿಕ್ ಹತ್ತಿರ ಒಂದು ಸಲ ಎಲ್ಲ ತೋರಿಸಿಕೊಂಡು, ಆಮೇಲೆ ನೀವೇ ಹೊಡೆಯಿರಿ.

ಹಿಂದಿನ ಸೀಟಿನಲ್ಲಿ ಯಾವುದು ಸುಖ? ಮನೆಯಲ್ಲಿ ಅಜ್ಜಿ ಇದ್ದಾರೆ.

ಅಂಬಾಸಿಡರ್. ಇದರಲ್ಲಿ ಎರಡು ಮಾತಿಲ್ಲ. ಸೀರೆ ಉಟ್ಟು ಬಗ್ಗದೆ ಹತ್ತಬಹುದು, ಸೀಟು ಎತ್ತರ, ಬಾಗಿಲು ದೊಡ್ಡದು, ಮೊಣಕಾಲಿಗೆ ಜಾಗ ಇದೆ.

ಮೈಲೇಜ್ ಎಷ್ಟು ಬರುತ್ತದೆ?

ಪದ್ಮಿನಿ ಊರಲ್ಲಿ 11-12, ಹೈವೇಯಲ್ಲಿ 14-15 ಕೊಟ್ಟರೆ ಸಂತೋಷ ಪಡಿ. ಅಂಬಾಸಿಡರ್ ಊರಲ್ಲಿ 8-9, ಹೊರಗೆ 11ರ ತನಕ. ಇದಕ್ಕಿಂತ ತುಂಬಾ ಕಡಿಮೆ ಬಂದರೆ ಕಾರ್ಬೊರೇಟರ್ ಜೆಟ್, ಪಾಯಿಂಟ್ ಗ್ಯಾಪ್, ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಈ ಮೂರು ನೋಡಿಸಿ. ಪದ್ಮಿನಿ ಟ್ಯಾಂಕ್ 38 ಲೀಟರ್, ಅಂಬಾಸಿಡರ್‌ನದ್ದು 54. ಹಾಗಾಗಿ ಒಂದು ಟ್ಯಾಂಕಿಗೆ ಎರಡೂ ಹೆಚ್ಚುಕಡಿಮೆ 500 ಕಿಮೀ ಹೋಗುತ್ತವೆ.

ಈಗ ಸಿಗುವ ಪೆಟ್ರೋಲ್ ಹಳೆ ಎಂಜಿನ್ನಿಗೆ ಆಗುತ್ತದಾ?

ಎರಡು ಬೇರೆ ಬೇರೆ ತೊಂದರೆ ಇವೆ, ಜನ ಕಲಸಿಬಿಡುತ್ತಾರೆ.

ಒಂದು ಸೀಸದ್ದು. 2000ದಿಂದ ದೇಶದಲ್ಲಿ ಸೀಸ ಇಲ್ಲದ ಪೆಟ್ರೋಲ್ ಮಾತ್ರ ಸಿಗುತ್ತದೆ. ಹಳೆ ಪೆಟ್ರೋಲಿನ ಸೀಸ ವಾಲ್ವ್ ಸೀಟಿನ (ವಾಲ್ವ್ ಬಂದು ಕೂರುವ ಅಂಚಿನ) ಮೇಲೆ ತೆಳುವಾಗಿ ಕೂತು ಅದನ್ನು ಕಾಯುತ್ತಿತ್ತು. ಅಂಬಾಸಿಡರ್‌ನ ಎರಕದ ಕಬ್ಬಿಣದ ಹೆಡ್‌ನಲ್ಲಿ (ಎಂಜಿನ್ನಿನ ಮೇಲಿನ ಮುಚ್ಚಳದ ಭಾಗದಲ್ಲಿ) ಸೀಟನ್ನು ಅದೇ ಕಬ್ಬಿಣದಲ್ಲಿ ಕಡೆದಿರುತ್ತಾರೆ, ಜೋರಾಗಿ ಓಡಿಸಿದರೆ ನಿಧಾನಕ್ಕೆ ಸವೆದು ವಾಲ್ವ್ ಒಳಗೆ ಇಳಿಯುತ್ತದೆ. ಹೆಡ್ ಬಿಚ್ಚುವ ಕೆಲಸ ಬಂದಾಗ ಗಟ್ಟಿ ಸೀಟ್ ಕೂರಿಸಿಬಿಡಿ, ಚಿಂತೆ ಇಲ್ಲ. ಪದ್ಮಿನಿಯದ್ದು ಅಲ್ಯೂಮಿನಿಯಂ ಹೆಡ್, ಅದರಲ್ಲಿ ಸೀಟನ್ನು ಬೇರೆಯಾಗಿಯೇ ಕೂರಿಸಿರುತ್ತಾರೆ. ಹಾಗಾಗಿ ಅದಕ್ಕೆ ಈ ಕಾಟ ಕಡಿಮೆ.

ಇನ್ನೊಂದು ಎಥನಾಲ್. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ. ಅದು ಹಳೆ ರಬ್ಬರ್ ಪೈಪ್, ಪಂಪಿನ ಡಯಾಫ್ರಮ್, ಕಾರ್ಬೊರೇಟರ್ ಗ್ಯಾಸ್ಕೆಟ್‌ಗಳನ್ನು ಮೆತ್ತಗೆ ಮಾಡುತ್ತದೆ. ನೀರು ಹೀರಿಕೊಳ್ಳುವ ಗುಣವೂ ಇದೆ, ಮುಂಬೈ ಹವೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಹೋಗುವ ಪೈಪ್‌ಗಳನ್ನೆಲ್ಲ ಎಥನಾಲ್ ತಡೆಯುವ ರಬ್ಬರಿನದ್ದಕ್ಕೆ ಬದಲಿಸಿ. ಇದು ಮೈಲೇಜಿನ ಪ್ರಶ್ನೆ ಅಲ್ಲ, ಬೆಂಕಿಯ ಪ್ರಶ್ನೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಬಾರದು. ಕಾರು ಕೊಂಡ ಮೊದಲ ವಾರದಲ್ಲೇ ಮಾಡಿಸಬೇಕಾದ ಕೆಲಸ ಇದು, ಪಾಲಿಶ್ ಆಮೇಲೆ.

ಟ್ರಾಫಿಕ್‌ನಲ್ಲಿ ಬಿಸಿ ಆಗುತ್ತದಂತೆ?

ಎರಡೂ ಆಗುತ್ತವೆ, ಆದರೆ ಬಿಸಿಯಾದ ಮೇಲೆ ಏನಾಗುತ್ತದೆ ಅನ್ನುವುದರಲ್ಲಿ ದೊಡ್ಡ ವ್ಯತ್ಯಾಸ ಇದೆ. ಅಂಬಾಸಿಡರ್‌ನ ಕಬ್ಬಿಣದ ಹೆಡ್ ಒಂದೆರಡು ಸಲ ಸಹಿಸಿಕೊಳ್ಳುತ್ತದೆ. ಪದ್ಮಿನಿಯ ಅಲ್ಯೂಮಿನಿಯಂ ಹೆಡ್ ಒಂದೇ ಸಲಕ್ಕೆ ಬಾಗಬಹುದು, ಹೆಡ್ ಗ್ಯಾಸ್ಕೆಟ್ ಹೋಗಬಹುದು. ಮುಳ್ಳು ಮೇಲೇರಿತು ಅಂದರೆ 'ಇನ್ನು ಒಂದೇ ಸಿಗ್ನಲ್' ಅಂತ ತಳ್ಳಬೇಡಿ. ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ, ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೊಳೆ ತೆಗೆಸಿ, ಕೂಲೆಂಟ್ ಹಾಕಿ ಇಟ್ಟರೆ ಸಯನ್ ಸರ್ಕಲ್‌ನ ಮೇ ತಿಂಗಳ ಟ್ರಾಫಿಕ್‌ನಲ್ಲೂ ಎರಡೂ ನಿಲ್ಲುತ್ತವೆ.

ಬಿಸಿಲಲ್ಲಿ ಘಾಟಿ ಹತ್ತಿ ನಿಂತ ಮೇಲೆ ಸ್ಟಾರ್ಟ್ ಆಗದೇ ಇದ್ದರೆ ಹೆಚ್ಚಿನ ಸಲ ಅದು ವೇಪರ್ ಲಾಕ್. ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿರುತ್ತದೆ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಕಾಯಿರಿ. ಹಳೆ ಡ್ರೈವರ್‌ಗಳು ಮಾಡುತ್ತಿದ್ದುದು ಇದನ್ನೇ, ಇವತ್ತಿಗೂ ಇದೇ ಮದ್ದು.

ಮುಂಬೈ, ಗೋವಾದ ಹವೆಯಲ್ಲಿ ಯಾವುದು ಜಾಸ್ತಿ ತುಕ್ಕು ಹಿಡಿಯುತ್ತದೆ?

ಪದ್ಮಿನಿ. ಇದು ಅದರ ದೊಡ್ಡ ದೌರ್ಬಲ್ಯ. ಕಡಲ ಗಾಳಿಯ ಉಪ್ಪು, ನಾಲ್ಕು ತಿಂಗಳ ಮಳೆ, ಎರಡೂ ಸೇರಿ ತೆಳು ತಗಡನ್ನು ಒಳಗಿಂದ ತಿನ್ನುತ್ತವೆ. ಬಾಗಿಲಿನ ಕೆಳಭಾಗ, ನೆಲದ ತಗಡು, ಬಾಗಿಲ ಕೆಳಗಿನ ಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ, ಇಷ್ಟನ್ನು ಮ್ಯಾಟ್ ಎತ್ತಿ ನೋಡಿ. ಎರಡು ಕಾರಿಗೂ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಹಾಗಾಗಿ ಕೆಳಗಿನ ಅಂಚು ತುಕ್ಕು ಹಿಡಿದರೆ ಅದು ಅಂದದ ವಿಷಯ ಅಲ್ಲ, ಗಾಡಿಯ ಬೆನ್ನುಮೂಳೆಯೇ ಹೋಯಿತು ಅಂತ ಅರ್ಥ.

ಅಂಬಾಸಿಡರ್ ತಗಡು ದಪ್ಪ, ಆದರೂ ಟಾರ್ಷನ್ ಬಾರ್ ಹಿಂಬದಿ ಕೂರುವ ಕಡೆ ನೆಲದಡಿ ನೋಡಲೇಬೇಕು. ಅಲ್ಲಿ ತುಕ್ಕು ಇದ್ದರೆ ಆ ಗಾಡಿ ಬಿಟ್ಟು ಮುಂದೆ ಹೋಗಿ.

ಒಂದು ಆಯಸ್ಕಾಂತ ಜೇಬಲ್ಲಿಟ್ಟುಕೊಂಡು ಹೋಗಿ. ಅದು ಅಂಟದ ಕಡೆ ಬಣ್ಣದ ಕೆಳಗೆ ತಗಡಿಲ್ಲ, ಪುಟ್ಟಿ ತುಂಬಿದ್ದಾರೆ ಅಂತ. ಎಂಜಿನ್ ಕೆಟ್ಟಿದ್ದರೂ ಮೈ ಗಟ್ಟಿಯಿರುವ ಗಾಡಿಯನ್ನು ತೆಗೆದುಕೊಳ್ಳಿ. ಎಂಜಿನ್ ಬೋರ್ ಮಾಡಿಸುವ ಖರ್ಚನ್ನು ಮೊದಲೇ ಲೆಕ್ಕ ಹಾಕಬಹುದು. ಟಿಂಕರಿಂಗ್ ಖರ್ಚನ್ನು ಯಾರೂ ಮೊದಲೇ ಹೇಳಲಾರರು, ಬಣ್ಣ ಕೆರೆದ ಮೇಲೇ ಎಷ್ಟು ಕೊಳೆತಿದೆ ಅಂತ ಗೊತ್ತಾಗುವುದು.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಮುಂಬೈಯಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆ, ಚೋರ್ ಬಜಾರ್. ಪುಣೆಯಲ್ಲಿ ನಾನಾ ಪೇಠ್, ಜುನಾ ಬಜಾರ್. ಎಂಜಿನ್ ಸಾಮಾನು ಎರಡಕ್ಕೂ ಇನ್ನೂ ಸಿಗುತ್ತದೆ. ಸಿಗದೇ ಸತಾಯಿಸುವುದು ಸಣ್ಣ ಸಾಮಾನು: ಕ್ರೋಮ್ ಪಟ್ಟಿ, ಹಿಡಿ, ದೀಪದ ಗಾಜು, ಡ್ಯಾಶ್‌ಬೋರ್ಡಿನ ಗುಂಡಿಗಳು. ಆದ್ದರಿಂದ ಕೊಳ್ಳುವಾಗ ಸಾಮಾನು ಪೂರ್ತಿ ಇರುವ ಗಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಡೀಸೆಲ್ ಅಂಬಾಸಿಡರ್? ಇಸುಜು?

1980ರ ಸುಮಾರಿಗೆ ಬಂದ 1489 ಸಿಸಿ ಡೀಸೆಲ್ ನಮ್ಮ ದೇಶದ ಮೊದಲ ಡೀಸೆಲ್ ಕಾರು. ಶಕ್ತಿ 40 ಬಿಎಚ್‌ಪಿಗೂ ಕಡಿಮೆ, ಬಾಡಿಗೆ ಗಾಡಿಯವರಿಗೆ ವರ ಆಗಿತ್ತು. ಈಗ ಸಂತೋಷಕ್ಕೆ ಇಟ್ಟುಕೊಳ್ಳಲು ನಾನು ಹೇಳುವುದಿಲ್ಲ, ನಿಧಾನ, ಸದ್ದು. 90ರ ದಶಕದ ಇಸುಜು 1817 ಸಿಸಿ ಪೆಟ್ರೋಲ್ ಮಾತ್ರ ಬೇರೆಯೇ ಗಾಡಿ. ಸುಮಾರು 75 ಬಿಎಚ್‌ಪಿ, ಐದು ಗೇರ್. ದಿನಾ ಓಡಿಸಬೇಕು, ಊರಿಗೂ ಹೋಗಬೇಕು ಅನ್ನುವವರು ಕಣ್ಣು ಮುಚ್ಚಿ ಅದನ್ನು ಹುಡುಕಿ.

ಪದ್ಮಿನಿಗೆ ಮಾರುತಿ ಎಂಜಿನ್ ಹಾಕಿಸಬಹುದಾ?

ಮಾಡುವವರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ಬೇಡವೇ ಬೇಡ. ಆ ಕಾರಿನ ತೂಕ, ಗೇರ್, ಬ್ರೇಕ್ ಎಲ್ಲ ಆ 40 ಬಿಎಚ್‌ಪಿಗೆ ಹೊಂದಿಸಿ ಮಾಡಿದ್ದು. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು, ಮುಂದೆ ವಿಂಟೇಜ್ ನೋಂದಣಿಗೆ ಹೋದಾಗ ಅದೇ ಅಡ್ಡಿ ಆಗುತ್ತದೆ. ಒಳ್ಳೆ ಎಂಜಿನ್ ಮೆಕ್ಯಾನಿಕ್ ಹುಡುಕಿ ಇರುವುದನ್ನೇ ರಿಪೇರಿ ಮಾಡಿಸಿ.

ಆರ್‌ಟಿಒ ಕಥೆ ಏನು? ಮಹಾರಾಷ್ಟ್ರದಲ್ಲಿ 15 ವರ್ಷ ಆದರೆ ಓಡಿಸುವ ಹಾಗಿಲ್ಲವಂತೆ?

ಅದು ದೆಹಲಿ ಸುತ್ತಲಿನ ನಿಯಮ. ಇಲ್ಲಿ ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ ಫಿಟ್‌ನೆಸ್ ತೋರಿಸಿ, ಪರಿಸರ ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬೇಕು. 20 ವರ್ಷ ದಾಟಿದ ಗಾಡಿಯ ನವೀಕರಣ ಶುಲ್ಕ 2025ರಲ್ಲಿ ಏರಿದೆ, ಹೋಗುವ ಮುಂಚೆ ಈಗಿನ ದರ ನೋಡಿಕೊಳ್ಳಿ.

ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದರೆ 2021ರ ವಿಂಟೇಜ್ ನಿಯಮದ ದಾರಿಯೂ ಇದೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷಕ್ಕೆ ನಡೆಯುತ್ತದೆ, ಆಮೇಲೆ ನವೀಕರಣಕ್ಕೆ 5 ಸಾವಿರ. ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಆದರೆ ಹಾಗೆ ಮಾಡಿಸಿದ ಗಾಡಿಯನ್ನು ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ. ಭಾನುವಾರ ಮನೆಯವರ ಜೊತೆ ಸುತ್ತಬೇಕು ಅನ್ನುವವರು ಮಾಮೂಲಿ ಆರ್‌ಸಿಯನ್ನೇ ಜೀವಂತ ಇಟ್ಟುಕೊಳ್ಳಿ.

ಊರಲ್ಲಿ ಅಜ್ಜನ ಅಂಬಾಸಿಡರ್ ಇದೆ, ಕೆಎ ನಂಬರ್. ಪುಣೆಗೆ ತರಬಹುದಾ?

ಧಾರಾಳವಾಗಿ ತನ್ನಿ. 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಡುವುದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು ಇಲ್ಲಿ ನೋಂದಣಿ ಮಾಡಿಸಬೇಕು. ಅಜ್ಜನ ಹೆಸರಲ್ಲೇ ಆರ್‌ಸಿ ಇದ್ದು ಅವರು ತೀರಿಕೊಂಡಿದ್ದರೆ ಮೊದಲು ಊರಲ್ಲೇ ಹೆಸರು ಬದಲಿಸಿಕೊಂಡು ಬನ್ನಿ. ಆ ಕಾಗದಪತ್ರ ಅಲ್ಲಿ ಮುಗಿಸುವುದೇ ಸುಲಭ.

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಅಲ್ಲಿಂದ ಓಡಿಸಿಕೊಂಡು ಬರಬೇಡಿ, ಲಾರಿಯಲ್ಲಿ ತರಿಸಿ. ಬ್ರೇಕ್ ಸಿಲಿಂಡರಿನ ರಬ್ಬರ್, ಪೆಟ್ರೋಲ್ ಪೈಪ್, ಟೈರ್ ಇವು ಮೂರೂ ನಿಂತಲ್ಲೇ ಸತ್ತಿರುತ್ತವೆ. ಅಂಗಳದಲ್ಲಿ ಸ್ಟಾರ್ಟ್ ಆಯಿತು ಅಂತ ಧೈರ್ಯ ಮಾಡಬೇಡಿ.

ನೋಡಲು ಹೋದಾಗ ಹೇಗೆ ಓಡಿಸಿ ಪರೀಕ್ಷೆ ಮಾಡಬೇಕು?

ಎಂಜಿನ್ ತಣ್ಣಗಿರುವಾಗ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವಾಗ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಹೊಗೆ ನೋಡಿ. ನೀಲಿ ಹೊಗೆ ಬಂದು ನಿಲ್ಲದೇ ಹೋದರೆ ರಿಂಗ್ ಹೋಗಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ, ಅದೂ ಪದ್ಮಿನಿಯಲ್ಲಿ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಆಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಓಡಿಸಿ. ಒಬ್ಬರೇ ಹೋಗಬೇಡಿ. ಹತ್ತಿರದ ಯಾವುದಾದರೂ ಫ್ಲೈಓವರ್ ಏರಿನಲ್ಲಿ ಮೂರನೇ ಗೇರ್ ಹಾಕಿ 40ರಿಂದ ಎಳೆಯಿರಿ. ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಮೂರನೇ ಗೇರಿನಲ್ಲಿ ಕಾಲು ಬಿಟ್ಟಾಗ ಗೇರ್ ತಾನೇ ಹೊರಗೆ ಬಂದರೆ ಗೇರ್‌ಬಾಕ್ಸ್ ಸವೆದಿದೆ. ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರ್ ಒರಟಾಗಿದ್ದರೆ ಹೆದರಬೇಡಿ, ಲಿಂಕ್‌ಗಳ ಬುಷ್ ಬದಲಿಸಿದರೆ ಸರಿಹೋಗುತ್ತದೆ, ಸಣ್ಣ ಖರ್ಚು. ಖಾಲಿ ರಸ್ತೆಯಲ್ಲಿ 40ರಿಂದ ಬ್ರೇಕ್ ಒತ್ತಿ ಗಾಡಿ ಯಾವ ಕಡೆ ಎಳೆಯುತ್ತದೆ ನೋಡಿ.

ವಾಪಸು ಬಂದು ಎಂಜಿನ್ ಆರಿಸದೆ ಹತ್ತು ನಿಮಿಷ ಹಾಗೇ ನಿಲ್ಲಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ನಂತರ ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಒಂದೇ ಸಲಕ್ಕೆ ಹಿಡಿದರೆ ಬೆಲೆ ಮಾತಾಡಲು ಕೂರಬಹುದು.